ಬಾಯ್ಸಿ ಓಪನ್: ಒಂದು ಮೆಟ್ಟಿಲಿನ ಚರಿತ್ರೆ

ಅಗ್ರಶ್ರೇಣಿಯ ಆಟಗಾರರ ಕೀರ್ತಿ ಎಲ್ಲರಿಗೂ ತಿಳಿದಿರುತ್ತದೆ. ಅವರು ಹತ್ತಿಬಂದ ಮೆಟ್ಟಿಲುಗಳ ಕಡೆ ನಮ್ಮ ದೃಷ್ಟಿ ಹರಿಯುವುದು ಅಪರೂಪ. ಅಂತಹ ಮೆಟ್ಟಿಲುಗಳಲ್ಲೊಂದು ಅಮೆರಿಕದ ಐಡಹೊ ಸಂಸ್ಥಾನದ ಬಾಯ್ಸಿ ನಗರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಗಾಲ್ಫ್ ಪಂದ್ಯಾವಳಿ.

1990ರಲ್ಲಿ ಪಿ.ಜಿ.ಎ. ಟೂರ್ ಸಂಸ್ಥೆಯು ಉದಯೋನ್ಮುಖ ವೃತ್ತಿ ಆಟಗಾರರಿಗೆಂದು ಎರಡನೆಯ ದರ್ಜೆಯ ಪಂದ್ಯಮಾಲೆಯೊಂದನ್ನು ಆರಂಭಿಸಿತು. ಅದಕ್ಕೆ ಮೊದಲು ಬಂದ ಹೆಸರು ಬೆನ್ ಹೋಗನ್‌ರದು. 1949ರ ಮೋಟಾರು ಅಪಘಾತದಲ್ಲಿ ಜರ್ಜರಿತರಾಗಿ, ಮರುವರ್ಷವೇ ಅಮೆರಿಕನ್ ಓಪನ್ ಗೆದ್ದ ಧೀರರು ಅವರು. ಪ್ರಾಯೋಜಕರು ಬದಲಾದಂತೆಲ್ಲ ಮಾಲೆಯ ಹೆಸರೂ ಬದಲಾಗಿ, 2019ರಲ್ಲಿ ಕಾರ್ನ್ ಫೆರಿ ಟೂರ್ ಎಂದಾಯಿತು. ಬಾಯ್ಸಿಯ ಪಂದ್ಯಾವಳಿ ಮಾತ್ರ ಮೊದಲ ವರ್ಷದಿಂದಲೂ ಹಿಲ್‌ಕ್ರೆಸ್ಟ್ ಕಂಟ್ರಿ ಕ್ಲಬ್ಬಿನಲ್ಲಿಯೇ ನಡೆದುಬಂದಿದೆ. 1939ರಲ್ಲಿ ಅದೇ ಊರಿನಲ್ಲಿ ದಿನಸಿ ಅಂಗಡಿಯಾಗಿ ಹುಟ್ಟಿದ ಆಲ್ಬರ್ಟ್‌ಸನ್ಸ್ ಸಂಸ್ಥೆ ಅದರ ಪ್ರಾಯೋಜಕ.

ಆಟ ನಾಲ್ಕು ದಿನ, ದಿನಕ್ಕೆ 18 ಗುಳಿ. ಕಡಿಮೆ ಹೊಡೆತಗಳಲ್ಲಿ ಮುಗಿಸಿದವನೇ ವಿಜಯಿ. ಎರಡು ದಿನ ಕಳೆದಾಗ ಹಿಂದುಳಿದವರು ಬಹುಮಾನದ ಹಣವಿಲ್ಲದೆ ಊರಿಗೆ ಹೊರಡಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಮನೆತನವಲ್ಲ, ಹೊಡೆತ.

ಆದರೆ ಮೇಲಿನ ದರ್ಜೆಯ ಬಾಗಿಲು ಒಂದೇ ಅಳತೆಯದಲ್ಲ. ವರ್ಷದ ಪಟ್ಟಿಯಿಂದ 1990ರಲ್ಲಿ ಬಡ್ತಿ ಪಡೆದವರು ಐವರು. 2023ರಲ್ಲಿ 30 ಮಂದಿ. 2025ರಲ್ಲಿ ಆ ಸಂಖ್ಯೆ 20ಕ್ಕೆ ಇಳಿಯಿತು. 2023ರಲ್ಲಿ 25ನೆಯವನಿಗೆ ತೆರೆದ ಬಾಗಿಲು 2025ರಲ್ಲಿ ಅದೇ ಸ್ಥಾನದವನಿಗೆ ಮುಚ್ಚಿತ್ತು. ಏರುವವನ ಶ್ರಮ ಅವನ ಕೈಯಲ್ಲಿದೆ. ಬಾಗಿಲಿನ ಅಗಲ ಅವನ ಕೈಯಲ್ಲಿಲ್ಲ. ಆದುದರಿಂದ ಪ್ರತಿಭೆಯನ್ನು ಹೊಗಳುವಾಗ, ಅದಕ್ಕೆ ದೊರೆತ ಮೆಟ್ಟಿಲನ್ನೂ ನಾವು ನೆನೆಯಬೇಕು.