ಕಿಟಕಿ ಮುಚ್ಚಿದರೆ ಗಾಳಿ ಎಲ್ಲಿಂದ ಬರಬೇಕು?

ಪ್ರಶ್ನೆ: ನಮ್ಮದು ರಾಯಚೂರು. ಯುಗಾದಿ ಹೊತ್ತಿಗೆ ಕಂತಿನ ಮೇಲೆ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ತಂದು ಮಲಗುವ ಕೋಣೆಗೆ ಹಾಕಿಸಿದೆವು. ಮನೆಯಲ್ಲಿ ತಂಪಿರುವುದು ಅದೊಂದೇ ಕೋಣೆ. ಹಾಗಾಗಿ ನಾವಿಬ್ಬರು, ಎರಡು ಮಕ್ಕಳು, ಅತ್ತೆ, ಐದೂ ಜನ ಅಲ್ಲೇ ಮಲಗುತ್ತೇವೆ. ತಂಪು ಸೋರಬಾರದೆಂದು ಬಾಗಿಲ ಸಂದಿಗೆ ಹಳೆ ಸೀರೆ ತುರುಕುತ್ತೇವೆ. ಹಿಂದಿನ ಬೀದಿಯಲ್ಲಿ ರೈಸ್ ಮಿಲ್ ಇರುವುದರಿಂದ ಕಿಟಕಿ ತೆರೆಯುವುದೇ ಇಲ್ಲ. ಆರು ವರ್ಷದ ಮಗನಿಗೆ ಎರಡು ತಿಂಗಳಿಂದ ರಾತ್ರಿ ಎರಡು ಮೂರು ಗಂಟೆಗೆ ಒಣಕೆಮ್ಮು ಶುರುವಾಗುತ್ತದೆ, ಕೆಲವೊಮ್ಮೆ ಎದೆಯಲ್ಲಿ ಸುಂಯ್ ಎನ್ನುವ ಸದ್ದು. ನನಗೆ ಬೆಳಿಗ್ಗೆ ಎದ್ದರೆ ತಲೆ ಭಾರ. ‘ಕಿಟಕಿ ಬಂದ್ ಮಾಡ್ಕೊಂಡು ಮಲಗಿದ್ರ ಕೂಸಿಗಿ ಗಾಳಿ ಎಲ್ಲಿಂದ ಬರ್ಬೇಕು? ಹಳೆ ಕೂಲರೇ ಛಲೋ ಇತ್ತು’ ಎಂದು ಅತ್ತೆ ದಿನಾ ಅನ್ನುತ್ತಾರೆ. ಗ್ಯಾಸ್ ಸೋರುತ್ತಿರಬೇಕು ಎನ್ನುವುದು ನಮ್ಮ ಯಜಮಾನರ ಅನುಮಾನ. ರಿಪೇರಿಯವನು ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಲೇಬೇಕು ಎನ್ನುತ್ತಾನೆ. ಅಂಗಡಿಯವರು ಮಾತ್ರ ‘ಪಿಎಂ 2.5 ಫಿಲ್ಟರ್ ಇದೆ, ಹೊರಗಿನ ಗಾಳಿಗಿಂತ ಶುದ್ಧ’ ಎಂದು ಹೇಳಿ ಮಾರಿದ್ದರು. ಎಸಿ ಮಾರಿಬಿಡಲೇ? ಹಟ ಹಿಡಿದು ತರಿಸಿದವಳು ನಾನು. ಮಗನ ಕೆಮ್ಮಿಗೆ ನಾನೇ ಕಾರಣಳಾದೆನೇ?

— ಹೆಸರು ಬೇಡ, ರಾಯಚೂರು

ಉತ್ತರ: ಎಸಿಯ ಮಾತು ಆಮೇಲೆ. ಮೊದಲು ಮಗನನ್ನು ಮಕ್ಕಳ ವೈದ್ಯರಿಗೆ ತೋರಿಸಿ, ಈ ವಾರದಲ್ಲೇ. ನೋಡದೆ ರೋಗದ ಹೆಸರು ಹೇಳುವುದು ನನ್ನ ಕೆಲಸವಲ್ಲ. ಆದರೆ ರಾತ್ರಿ ಹೊತ್ತು ಮರುಕಳಿಸುವ ಒಣಕೆಮ್ಮು, ಎದೆಯಲ್ಲಿ ಸುಂಯ್ ಸದ್ದು, ಎರಡು ತಿಂಗಳು ಎಂದರೆ ಆಸ್ತಮಾ ಇದೆಯೇ ಎಂದು ಪರೀಕ್ಷಿಸಲೇಬೇಕು. ಆಸ್ತಮಾದ ಕೆಮ್ಮು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಜೋರಾಗುವುದು ಸಾಮಾನ್ಯ. ವೈದ್ಯರು ಇನ್‌ಹೇಲರ್ ಬರೆದುಕೊಟ್ಟರೆ ‘ಅದು ಚಟವಾಗುತ್ತದಂತೆ’ ಎಂಬ ನೆಂಟರ ಮಾತಿಗೆ ಕಿವಿಗೊಡಬೇಡಿ. ಸಿರಪ್ಪಿನಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಹೊಟ್ಟೆಗೆ ಹೋಗುವ ಔಷಧ ಇನ್‌ಹೇಲರಿನಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುವುದು, ಒಂದು ವಾಕ್ಯ ಪೂರ್ತಿ ಹೇಳಲಾರದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಇನ್ನು ಗಾಳಿಯ ವಿಚಾರ. ನೀವು ಹೇಳಿದ ನಾಲ್ವರಲ್ಲಿ ಸತ್ಯಕ್ಕೆ ಎಲ್ಲರಿಗಿಂತ ಹತ್ತಿರ ಇರುವವರು ನಿಮ್ಮ ಅತ್ತೆ. ಈ ಮಾತು ನಿಮಗೆ ಅಷ್ಟೇನೂ ಹಿತವಾಗಲಿಕ್ಕಿಲ್ಲ, ಗೊತ್ತು.

ಗೋಡೆಯ ಮೇಲಿನ ಪೆಟ್ಟಿಗೆಯಿಂದ ಹೊರಗಿನ ಪೆಟ್ಟಿಗೆಗೆ ಪೈಪು ಹೋಗಿದೆಯಲ್ಲ, ಅದರೊಳಗೆ ಗಾಳಿ ಓಡಾಡುತ್ತದೆಂದು ಬಹಳ ಜನ ತಿಳಿದಿದ್ದಾರೆ. ಅಲ್ಲಿ ಓಡಾಡುವುದು ಶಾಖ ಹೊತ್ತೊಯ್ಯುವ ಗ್ಯಾಸ್ ಮಾತ್ರ. ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ಎಳೆದುಕೊಂಡು, ತಣ್ಣಗಿನ ಕಾಯಿಲ್ ಮೇಲೆ ಹಾಯಿಸಿ, ಮತ್ತೆ ಅದೇ ಕೋಣೆಗೆ ಬಿಡುತ್ತದೆ. ಹೊರಗಿನಿಂದ ಒಂದು ಉಸಿರಿನಷ್ಟು ಗಾಳಿಯನ್ನೂ ಒಳಗೆ ತರುವುದಿಲ್ಲ. ಕೂಲರ್ ಹಾಗಲ್ಲ. ಅದು ಹೊರಗಿನ ಗಾಳಿಯನ್ನು ಒದ್ದೆ ಪ್ಯಾಡಿನ ಮೂಲಕ ಎಳೆದು ಒಳಗೆ ನೂಕುತ್ತದೆ, ಕಿಟಕಿಯೋ ಬಾಗಿಲೋ ತೆರೆದಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಅತ್ತೆಯವರಿಗೆ ಈ ಯಂತ್ರವಿದ್ಯೆ ಗೊತ್ತಿರಬೇಕಾಗಿಲ್ಲ. ಕೂಲರಿದ್ದ ಮನೆಯಲ್ಲಿ ಗಾಳಿ ಆಡುತ್ತಿತ್ತು, ಈಗ ಆಡುತ್ತಿಲ್ಲ ಎಂಬುದು ಮೂಗಿಗೇ ತಿಳಿಯುತ್ತದೆ.

ಐದು ಜನರ ಲೆಕ್ಕ ಹಾಕೋಣ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಭಾಗ ಇರುತ್ತದೆ. ನಿಮ್ಮದು ಹತ್ತು ಹನ್ನೆರಡು ಅಡಿಯ ಕೋಣೆ ಎಂದಿಟ್ಟುಕೊಳ್ಳಿ. ಬಾಗಿಲ ಸಂದಿಗೂ ಸೀರೆ ತುರುಕಿ ಐದು ಜನ ಮಲಗಿದರೆ ಎರಡು ಮೂರು ಗಂಟೆಯೊಳಗೆ ಅದು 2000 ದಾಟುತ್ತದೆ, ಬೆಳಗಿನವರೆಗೂ ಏರುತ್ತಲೇ ಹೋಗುತ್ತದೆ. ಅದು ಜೀವ ತೆಗೆಯುವ ವಿಷವಲ್ಲ. ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಕೆಲಸಕ್ಕೆ ಇಟ್ಟಿರುವ ಮಿತಿಯೇ 5000. ಆದರೆ ಉಸಿರುಗಟ್ಟಿದ ಹಾಗೆನಿಸುವುದು, ಹರಿದುಹರಿದು ಬರುವ ನಿದ್ದೆ, ಎದ್ದಾಗ ತಲೆಭಾರ ಎಲ್ಲ ಇಂಥ ಕೋಣೆಯ ಲಕ್ಷಣಗಳೇ. ಒಬ್ಬರಿಗೆ ನೆಗಡಿಯಾದರೆ ಐವರಿಗೂ ಹಂಚಿಕೆಯಾಗುವುದೂ ಇದರಿಂದಲೇ. ನಿಮ್ಮ ತಲೆಭಾರಕ್ಕೆ ನನ್ನ ಮೊದಲ ಅನುಮಾನ ಆ ಸೀರೆಯ ಮೇಲೆ.

ಅದನ್ನು ಇವತ್ತೇ ತೆಗೆಯಿರಿ. ಬಾಗಿಲನ್ನು ಎರಡು ಬೆರಳಿನಷ್ಟು ತೆರೆದಿಟ್ಟು ಮಲಗಿ. ಕೋಣೆಗೆ ಹೊಂದಿಕೊಂಡ ಬಚ್ಚಲಿದ್ದು ಅದರಲ್ಲಿ ಎಕ್ಸಾಸ್ಟ್ ಫ್ಯಾನ್ ಇದ್ದರೆ ರಾತ್ರಿ ಒಂದೆರಡು ಸಲ ಹದಿನೈದು ನಿಮಿಷ ಓಡಿಸಿ; ಹಳೆಯ ಗಾಳಿ ಅಲ್ಲಿಂದ ಹೋದಂತೆ ಬಾಗಿಲ ಸಂದಿಯಿಂದ ಹೊಸದು ಬರುತ್ತದೆ. (ಆ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದು ಉರಿಯುವಾಗ ಕಿಟಕಿ ಮುಚ್ಚುವ ಮಾತೇ ಬೇಡ. ಅಲ್ಲಿ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ನಿಜಕ್ಕೂ ಕೊಲ್ಲುತ್ತದೆ.) ಕರೆಂಟ್ ಬಿಲ್ ಸ್ವಲ್ಪ ಏರಬಹುದು. ಎಸಿಯನ್ನು 24ಕ್ಕೋ 26ಕ್ಕೋ ಇಟ್ಟು ಅದನ್ನು ಸರಿದೂಗಿಸಿ. ಸ್ಟಾರ್ ಗುರುತಿನ ಎಸಿಗಳು ಆನ್ ಮಾಡಿದಾಗ ತಾವಾಗಿಯೇ 24 ಡಿಗ್ರಿಗೆ ನಿಲ್ಲಬೇಕೆಂದು 2020ರ ಜನವರಿಯಿಂದ ನಿಯಮವೇ ಇದೆ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ನೂರಕ್ಕೆ ಆರರಷ್ಟು ವಿದ್ಯುತ್ ಉಳಿಯುತ್ತದೆಂದು ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಜೊತೆಗೆ ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗಲಿ.

ಹದಿನೆಂಟಕ್ಕೆ ಇಡುವ ಅಭ್ಯಾಸವಿದ್ದರೆ, ಮಗನ ಕೆಮ್ಮಿನಲ್ಲಿ ಅದಕ್ಕೂ ಪಾಲಿರಬಹುದು. ಸೂಕ್ಷ್ಮ ಶ್ವಾಸನಾಳದ ಮಕ್ಕಳಿಗೆ ತಣ್ಣಗಿನ ಒಣಗಾಳಿ ನೇರ ಮುಖಕ್ಕೆ ಹೊಡೆದರೆ ನಾಳ ಬಿಗಿದುಕೊಳ್ಳುತ್ತದೆ. ಅದರಲ್ಲೂ ನಿಮ್ಮೂರಿನ ಏಪ್ರಿಲ್ ಗಾಳಿ ಮೊದಲೇ ಒಣ, ಎಸಿ ಇರುವ ತೇವವನ್ನೂ ಹೀರಿ ಪೈಪಿನಲ್ಲಿ ಹೊರಗೆ ಬಿಡುತ್ತದೆ. ತೇವ ತೆಗೆಯುವುದು ಅದರ ಹುಟ್ಟುಗುಣ. 1902ರಲ್ಲಿ ವಿಲಿಸ್ ಕ್ಯಾರಿಯರ್ ಇಂಥ ಯಂತ್ರವನ್ನು ಮೊದಲು ರೂಪಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ, ತೇವಕ್ಕೆ ಹಿಗ್ಗಿ ಕುಗ್ಗುತ್ತಿದ್ದ ಕಾಗದದ ಸಲುವಾಗಿ. ಮನುಷ್ಯರ ಸುಖ ಆಮೇಲೆ ಬಂತು. ಗಾಳಿಯ ರೆಕ್ಕೆಗಳನ್ನು ಮೇಲ್ಮುಖವಾಗಿ ತಿರುಗಿಸಿ, ಮಗನ ಹಾಸಿಗೆಯನ್ನು ಎದುರಿನಿಂದ ಬದಿಗೆ ಸರಿಸಿ. (ಮಂಗಳೂರು, ಕಾರವಾರದ ಕಡೆಯ ಓದುಗರಿಗೆ ತೊಂದರೆ ಇದರ ತಿರುವುಮುರುವು. ಅಲ್ಲಿ ಗೋಡೆಯೇ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಡ್ರೈ ಮೋಡ್ ಇರುವುದೇ ನಿಮಗಾಗಿ.)

ಈಗ ಯಂತ್ರದ ಒಳಗೆ ನೋಡಿ. ಮುಂದಿನ ಮುಚ್ಚಳ ಎತ್ತಿದರೆ ಸಿಗುವ ಜಾಳಿಗೆಯನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನಲ್ಲಿ ನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಬೇಕು. ಮಿಲ್ಲಿನ ಬೀದಿಯಾದ್ದರಿಂದ ನಿಮಗೆ ವಾರಕ್ಕೊಮ್ಮೆಯೇ ಬೇಕಾದೀತು. ಆದರೆ ಅಸಲು ಕೊಳೆ ಇರುವುದು ಜಾಳಿಗೆಯಲ್ಲಲ್ಲ. ಎಸಿ ಆಫ್ ಮಾಡಿ, ಪ್ಲಗ್ ಕಿತ್ತು, ಗಾಳಿ ಬರುವ ಬಾಯಿಯೊಳಗೆ ಟಾರ್ಚ್ ಬಿಡಿ. ಅಲ್ಲಿ ಉದ್ದನೆಯ ಬ್ಲೋವರ್ ಉರುಳೆ ಕಾಣುತ್ತದೆ. ಅದರ ರೆಕ್ಕೆಗಳ ಮೇಲೆ ಕರಿಚುಕ್ಕೆ, ಕರಿಪದರ ಇದ್ದರೆ ಅದು ಬೂಷ್ಟು. ಆನ್ ಮಾಡಿದ ಮೊದಲ ಎರಡು ನಿಮಿಷ ಒದ್ದೆ ಬಟ್ಟೆ ಕೊಳೆತ ವಾಸನೆ ಬರುವುದಕ್ಕೆ ಕಾರಣ ಅದೇ, ಮಲಗಿದವರ ಮೂಗಿಗೆ ಅದರ ಕಣಗಳು ಬರುವುದೂ ಅಲ್ಲಿಂದಲೇ. ರಿಪೇರಿಯವನು ಜಾಳಿಗೆ ಝಾಡಿಸಿ ‘ಸರ್ವಿಸ್ ಆಯ್ತಕ್ಕ’ ಎಂದರೆ ಬಿಡಬೇಡಿ. ಕಾಯಿಲ್, ಬ್ಲೋವರ್, ನೀರಿನ ಟ್ರೇ, ಡ್ರೈನ್ ಪೈಪು ನಾಲ್ಕನ್ನೂ ಪಂಪಿನ ನೀರು ಬಿಟ್ಟು ತೊಳೆಯುವ ವೆಟ್ ಸರ್ವಿಸ್ ಮಾಡಿಸಿ, ಪಕ್ಕದಲ್ಲೇ ನಿಂತು ನೋಡಿ. ಬೇಸಿಗೆಯ ಮೊದಲು ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಸಾಕು. ಬೆಳಿಗ್ಗೆ ಎಸಿ ನಿಲ್ಲಿಸುವ ಮುಂಚೆ ಹದಿನೈದು ಇಪ್ಪತ್ತು ನಿಮಿಷ ಬರೀ ಫ್ಯಾನ್ ಮೋಡಿನಲ್ಲಿ ಓಡಿಸಿದರೆ ಒಳಗಿನ ಒದ್ದೆ ಆರುತ್ತದೆ, ಬೂಷ್ಟಿಗೆ ಅವಕಾಶ ಕಡಿಮೆ.

ಗ್ಯಾಸಿನ ಮಾತು ಬೇಗ ಮುಗಿಸುತ್ತೇನೆ. ಅದು ಮುಚ್ಚಿದ ಪೈಪಿನೊಳಗೇ ಸುತ್ತುತ್ತದೆ, ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಸೋರಿದರೆ ಮೊದಲು ತಂಪು ಕಡಿಮೆಯಾಗುತ್ತದೆ, ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ನಿಮ್ಮ ಎಸಿ ಚೆನ್ನಾಗಿ ತಂಪು ಕೊಡುತ್ತಿದ್ದರೆ ಗ್ಯಾಸ್ ಇದ್ದಲ್ಲೇ ಇದೆ. ಕಡಿಮೆಯಾಗಿದೆ ಎಂದು ರಿಪೇರಿಯವನು ಹೇಳಿದರೆ ‘ಎಲ್ಲಿ ಸೋರಿದೆ ತೋರಿಸಿ, ಅದನ್ನು ಮುಚ್ಚಿ ಆಮೇಲೆ ತುಂಬು’ ಎನ್ನಿ. ಯಜಮಾನರಿಗೆ ‘ಎಸಿಯಿಂದ ನ್ಯುಮೋನಿಯಾ’ ಎಂಬ ವಾಟ್ಸಾಪ್ ಸಂದೇಶವೂ ಇಷ್ಟರಲ್ಲೇ ಬರಬಹುದು. ಅದರ ಮೂಲ 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮ್ಮೇಳನಕ್ಕೆ ಬಂದವರಿಗೆ ತಗುಲಿದ ಲೀಜನೇರ್ಸ್ ಕಾಯಿಲೆ. ಅದನ್ನು ತರುವ ಬ್ಯಾಕ್ಟೀರಿಯಾ ಬೆಳೆಯುವುದು ದೊಡ್ಡ ಕಟ್ಟಡಗಳ ಕೂಲಿಂಗ್ ಟವರಿನಂಥ ಬೆಚ್ಚಗಿನ ನೀರಿನ ವ್ಯವಸ್ಥೆಗಳಲ್ಲಿ. ನಿಮ್ಮ ಮನೆಯ ಸ್ಪ್ಲಿಟ್ ಎಸಿಗೆ ಅಂಥ ಟವರೇ ಇಲ್ಲ.

ಅಂಗಡಿಯವರ ಪಿಎಂ 2.5 ಫಿಲ್ಟರ್? ಜಾಳಿಗೆಯ ಮೇಲೆ ಸಿಕ್ಕಿಸಿದ ಅಂಗೈಯಗಲದ ಪಟ್ಟಿಯಾಗಿದ್ದರೆ ಅದರ ಮೇಲೆ ಭರವಸೆ ಇಡಬೇಡಿ. ಬಹುಪಾಲು ಗಾಳಿ ಅದರ ಪಕ್ಕದಿಂದಲೇ ಹಾದುಹೋಗುತ್ತದೆ. ಸೂಕ್ಷ್ಮ ಧೂಳನ್ನು ನಿಜವಾಗಿ ಹಿಡಿಯುವುದು ಹೆಪಾ ಫಿಲ್ಟರ್. 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97ರಷ್ಟನ್ನು ಅದು ತಡೆಯುತ್ತದೆ. ಹೋಲಿಕೆಗೆ, ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಮಿಲ್ಲಿನ ಹೊಟ್ಟು, ಬೂದಿ ಇರುವ ಬೀದಿಯಲ್ಲಿ ಮಗನಿಗೆ ಆಸ್ತಮಾ ಎಂದು ಖಚಿತವಾದರೆ ಹೆಪಾ ಇರುವ ಏರ್ ಪ್ಯೂರಿಫೈಯರ್ ದಂಡದ ಖರ್ಚಲ್ಲ. ಕೋಣೆಯ ಗಾತ್ರ 34 ಘನ ಮೀಟರ್ ಇದ್ದರೆ, ಡಬ್ಬಿಯ ಮೇಲೆ ಬರೆದ ಸಿಎಡಿಆರ್ (ಶುದ್ಧ ಗಾಳಿ ಕೊಡುವ ವೇಗ) ಅಂಕಿ ಗಂಟೆಗೆ 170 ಘನ ಮೀಟರ್‌ಗೆ ಕಡಿಮೆ ಇರಬಾರದು. ಓಜೋನ್ ಬಿಡುವ ಯಂತ್ರ ಬೇಡವೇ ಬೇಡ, ಅದೇ ಕೆಮ್ಮು ತರಿಸುತ್ತದೆ. ಪ್ಯೂರಿಫೈಯರ್ ಧೂಳು ಹಿಡಿಯುತ್ತದೆ, ನಿಮ್ಮ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹಿಡಿಯುವುದಿಲ್ಲ. ಅದು ಬಂದ ಮೇಲೂ ಬಾಗಿಲ ಸಂದಿ ತೆರೆದೇ ಇರಬೇಕು. ಮನಿಪ್ಲಾಂಟ್ ಅಂದಕ್ಕೆ ಇಟ್ಟುಕೊಳ್ಳಿ. ಗಿಡ ಗಾಳಿ ತೊಳೆಯುತ್ತದೆಂಬ ಸುದ್ದಿಗೆ ಬುನಾದಿ 1989ರ ನಾಸಾ ಪ್ರಯೋಗ. ಅದು ನಡೆದದ್ದು ಮುಚ್ಚಿದ ಗಾಜಿನ ಪೆಟ್ಟಿಗೆಯಂಥ ಜಾಗದಲ್ಲಿ. ಮನೆಯಲ್ಲಿ ಅಷ್ಟೇ ಫಲ ಬೇಕೆಂದರೆ ಮನುಷ್ಯರು ಜಾಗ ಖಾಲಿ ಮಾಡುವಷ್ಟು ಕುಂಡ ಇಡಬೇಕಾಗುತ್ತದೆ.

ನೀವು ಬರೆಯದ ಒಂದು ಸಂಗತಿ ಕೇಳುತ್ತೇನೆ: ಆ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚುತ್ತೀರಾ? ಸಂಜೆ ಲೋಬಾನ, ಊದುಬತ್ತಿ ಇದೆಯೇ? ಮಲೇಷ್ಯಾ ಮತ್ತು ಚೀನಾದ ಸೊಳ್ಳೆಬತ್ತಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ಬತ್ತಿ ಉರಿದು ಮುಗಿಯುವಾಗ ಬಿಡುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟು ಬಿಡುವಷ್ಟಕ್ಕೆ ಸಮ. ಗಾಳಿ ಆಡುವ ಪಡಸಾಲೆಯಲ್ಲಿ ಅದು ಹೇಗೋ ಹಂಚಿಹೋದೀತು. ಮುಚ್ಚಿದ ಎಸಿ ಕೋಣೆಯಲ್ಲಿ ಅದನ್ನು ರಾತ್ರಿಯಿಡೀ ತಿರುಗಿಸಿ ತಿರುಗಿಸಿ ಮಗನಿಗೇ ಕುಡಿಸಿದಂತಾಗುತ್ತದೆ. ಹಚ್ಚುತ್ತಿದ್ದರೆ ನಿಲ್ಲಿಸಿ, ಸೊಳ್ಳೆಪರದೆ ಕಟ್ಟಿ. ಲೋಬಾನ ಬಿಡಿಸಲು ಅತ್ತೆಯವರೊಂದಿಗೆ ಜಗಳಕ್ಕೆ ಇಳಿಯಬೇಡಿ. ಅಂಗಳದಲ್ಲೋ ಕಟ್ಟೆಯ ಮೇಲೋ ಹಾಕಲಿ, ದೇವರ ಮುಂದೆ ದೀಪವಿರಲಿ. ಈ ಇಡೀ ಉತ್ತರದಲ್ಲಿ ದುಡ್ಡು ಬೇಡದ, ಆದರೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡಬಹುದಾದ ಕೆಲಸ ಇದು.

ಕಿಟಕಿಯನ್ನೂ ಪೂರ್ತಿ ಬಿಟ್ಟುಬಿಡಬೇಡಿ. ಮಿಲ್ಲಿನ ಕಡೆಯದು ಮುಚ್ಚಿರಲಿ, ಬೇರೆ ಕಡೆಯದನ್ನು ಮಿಲ್ ನಿಂತಿರುವ ಹೊತ್ತು ನೋಡಿ ಅರ್ಧ ಗಂಟೆ ತೆರೆಯಿರಿ. ಬೇಸಿಗೆಯಲ್ಲಿ ನಸುಕಿನ ಗಾಳಿ ತಣ್ಣಗೂ ಇರುತ್ತದೆ. ಕಸಬರಿಗೆಯಿಂದ ಗುಡಿಸಿದರೆ ಧೂಳು ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಎಸಿ ಮಾರುವ ಯೋಚನೆ ಬಿಡಿ. ಹಗಲು 42 ಡಿಗ್ರಿ ಕಾದ ಆರ್‌ಸಿಸಿ ತಾರಸಿ ರಾತ್ರಿಯಿಡೀ ಶಾಖ ಇಳಿಸುವ ಊರಲ್ಲಿ ತಂಪು ಕೋಣೆ ಶೋಕಿಯಲ್ಲ. ಸೆಕೆಯ ರಾತ್ರಿಗಳು ವಯಸ್ಸಾದವರ ಹೃದಯಕ್ಕೆ ಭಾರ, ಮಕ್ಕಳ ನಿದ್ದೆಗೂ ಕೇಡು. ನೀವು ಹಟ ಹಿಡಿದದ್ದು ತಪ್ಪಲ್ಲ. ಮಗನ ಶ್ವಾಸನಾಳ ಸೂಕ್ಷ್ಮವಾಗಿದ್ದರೆ ಅದು ಎಸಿ ಬರುವ ಮೊದಲೂ ಸೂಕ್ಷ್ಮವೇ ಆಗಿತ್ತು. ಈಗ ಗೊತ್ತಾಗಿದೆ, ಅಷ್ಟೆ. ಅತ್ತೆಯವರನ್ನು ಒಂದು ಸಲ ಕೂರಿಸಿಕೊಂಡು ‘ನೀವು ಹೇಳಿದ್ದು ಖರೇ ಅದ, ಕಿಟಕಿ ಬಂದ್ ಮಾಡಬಾರದಿತ್ತು’ ಎಂದು ಹೇಳಿನೋಡಿ. ನಿಮ್ಮ ಮನೆಯಲ್ಲಿ ಈ ಮಾತಿಗೆ ವೆಟ್ ಸರ್ವಿಸ್‌ಗಿಂತ ಹೆಚ್ಚು ಬೆಲೆ ಇದ್ದೀತು.

ಆ ಕೂಲರನ್ನು ಇನ್ನೂ ಗುಜರಿಗೆ ಹಾಕಿಲ್ಲವಾದರೆ ಅಟ್ಟದಿಂದ ಇಳಿಸಿ. ಅತ್ತೆಯವರಿಗೆ ಇಷ್ಟವಿದ್ದರೆ ಪಡಸಾಲೆಯಲ್ಲಿ ಕಿಟಕಿಯ ಬಳಿ ಹಾಕಿಕೊಡಿ. ಒಣ ಬೇಸಿಗೆಯ ರಾಯಚೂರಿಗೆ ಕೂಲರ್ ಹೇಳಿಮಾಡಿಸಿದ್ದು, ಕೋಣೆಯೊಳಗೂ ಐವರ ಬದಲು ನಾಲ್ವರಾಗುತ್ತೀರಿ. ಪ್ಯಾಡ್ ಹಳತಾಗಿದ್ದರೆ ಬದಲಿಸಿ. ವಾರಕ್ಕೊಮ್ಮೆ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಒಳಗೋಡೆಯನ್ನು ತಿಕ್ಕಿ ತೊಳೆದು, ಒಣಗಿಸಿ ಮತ್ತೆ ತುಂಬಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನ ಅಂಚಿನಲ್ಲೇ, ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಹತ್ತು ದಿನ ಸಾಕು.