ಗುರಿ ಸಣ್ಣದಿರಲಿ, ದಿನಾಲೂ ಇರಲಿ



"ಮುಂದ ಏನಾಗ್ತೀ?" ಅಂತ ಯಾರಾದರೂ ಕೇಳಿದರೆ ನಾವೆಲ್ಲ ಡಾಕ್ಟರು, ಟೀಚರು, ಪೊಲೀಸು ಅಂತ ಕೂಡಲೇ ಹೇಳುತ್ತೇವೆ. ಆದರೆ "ಇವತ್ತ ಸಂಜೀಕ ಏನ ಕಲೀತಿ?" ಅಂತ ಕೇಳಿದರೆ ಸುಮ್ಮನೆ ನಿಲ್ಲುತ್ತೇವೆ. ಮೊದಲನೆಯದು ಆಸೆ, ಎರಡನೆಯದು ಗುರಿ. ಆಸೆ ಎಂದರೆ ದೂರದ ಊರು. ಗುರಿ ಎಂದರೆ ಇವತ್ತು ನಡೆಯುವಷ್ಟು ದಾರಿ.

ನಮ್ಮ ತಾಲೂಕಿನ ಉದಾಹರಣೆ

ಕುಂದಗೋಳದ ಸವಾಯಿ ಗಂಧರ್ವರು (1886–1952) ದೊಡ್ಡ ಸಂಗೀತಗಾರರು. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಅದೇ ಹಳಿ ಮುಂದೆ ನಮ್ಮ ಸಂಶಿಗೂ ಬರುತ್ತದೆ ನೋಡ್ರಿ! ಗುರುಗಳು ಒಮ್ಮೆಲೇ ಬಹಳ ಕಲಿಸುತ್ತಿರಲಿಲ್ಲ. ಸ್ವರಗಳ ಒಂದು ಸಣ್ಣ ತುಣುಕು ಹೇಳಿಕೊಟ್ಟು, ಅದು ಸರಿಯಾಗಿ ಬರೂತನಕ ಮತ್ತೆ ಮತ್ತೆ ಹಾಡಿಸುತ್ತಿದ್ದರು. ದೊಡ್ಡ ಗಾಯಕಿ ಆಗೋದು ದೂರದ ಮಾತು. ಆ ತುಣುಕು ಸರಿಯಾಗಿ ಬರಬೇಕು ಅನ್ನೋದು ಆ ದಿನದ ಗುರಿ.

ಗಂಗೂಬಾಯಿಯವರು ಶಾಲೆಯಲ್ಲಿ ಕಲಿತದ್ದು ಐದನೇ ತರಗತಿಯವರೆಗೆ ಮಾತ್ರ. ಅವರಿಗೆ 2002ರಲ್ಲಿ ಪದ್ಮವಿಭೂಷಣ ಬಂತು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಭೀಮಸೇನ ಜೋಶಿಯವರೂ ಇದೇ ಗುರುಗಳ ಶಿಷ್ಯರು. ಗುರುಗಳ ಮನೆಗೆ ನೀರು ಹೊರುತ್ತ ಕಲಿತರು. ಮುಂಜಾನೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ, ಹೀಗೆ ಬಹಳ ದಿನ ಮೂರೇ ರಾಗಗಳ ಅಭ್ಯಾಸ. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು.

ಗುರಿ ಇಡುವುದು ಹೇಗೆ?

1. ಎಣಿಸಲು ಬರಬೇಕು. "ಗಣಿತ ಚೆನ್ನಾಗಿ ಕಲಿಯುತ್ತೇನೆ" ಅಂದರೆ ಅದು ಗುರಿಯಲ್ಲ. "ಇವತ್ತು ಭಿನ್ನರಾಶಿಯ 5 ಲೆಕ್ಕ ನೋಡದೆ ಬಿಡಿಸುತ್ತೇನೆ" ಅಂದರೆ ಗುರಿ. ಆಯಿತೋ ಇಲ್ಲವೋ ಎಂಬುದು ರಾತ್ರಿ ಮಲಗುವಾಗ ಗೊತ್ತಾಗಬೇಕು.

2. ಹೊತ್ತು ಗೊತ್ತಿರಬೇಕು. ಜೋಶಿಯವರಿಗೆ ಮೂರು ಹೊತ್ತಿಗೆ ಮೂರು ರಾಗವಿತ್ತು. ನಮಗೆ ಮುಂಜಾನೆ ಬಾಯಿಪಾಠ, ಸಂಜೆ ಲೆಕ್ಕ ಇರಲಿ. ಆ ಹೊತ್ತಿನಲ್ಲಿ ಟಿ.ವಿ. ಬಂದ್, ಮೊಬೈಲು ದೂರ.

3. ಒಂದು ಮುಗಿಸಿ ಇನ್ನೊಂದು. ಕೂರಿಗೆ ಹೊಡೆಯುವವರು ಒಂದು ಸಾಲು ಮುಗಿದ ಮೇಲೆಯೇ ಎತ್ತು ತಿರುಗಿಸುತ್ತಾರೆ. ನಡುವೆ ತಿರುಗಿಸಿದರೆ ಎರಡೂ ಸಾಲು ಕೆಡುತ್ತವೆ.

4. ಆಗದಿದ್ದರೆ ಬಿಡಬಾರದು. 5 ಲೆಕ್ಕ ಆಗದಿದ್ದರೆ ಮರುದಿನ 3 ಮಾಡಿರಿ. ಗುರಿ ಸಣ್ಣದಾದರೂ ತಪ್ಪಬಾರದು.

ಇದು ಯಾಕೆ ಬೇಕು?

ಹತ್ತಿ ಬಿಡಿಸುವಾಗ, ಮೆಣಸಿನಕಾಯಿ ಹರಿಯುವಾಗ ನಮ್ಮಲ್ಲಿ ಕೆಲವರು ಹೊಲಕ್ಕೆ ಹೋಗಬೇಕಾಗುತ್ತದೆ. ತಿರುಗಿ ಬರುವುದರೊಳಗೆ ಮೂರು ಪಾಠ ಮುಂದೆ ಹೋಗಿರುತ್ತವೆ. ಅಷ್ಟನ್ನೂ ಒಮ್ಮೆಲೇ ನೋಡಿದರೆ ಯಾರಿಗಾದರೂ "ಇನ್ನ ನನ್ನ ಕಡಿಂದ ಆಗೂದಿಲ್ಲ" ಅನಿಸುತ್ತದೆ. ಹಾಗೆ ಅನಿಸಿದ ಮೇಲೆ ಶಾಲೆ ಬಿಡುವುದಕ್ಕೆ ಬಹಳ ದಿನ ಬೇಕಾಗುವುದಿಲ್ಲ. ಅವರಿಗೆ ಮೂರು ಪಾಠ ಗುರಿಯಲ್ಲ. ದಿನಕ್ಕೆ ಒಂದು ಪುಟ ಗುರಿ. ಗೆಳೆಯರೆ, ಪಕ್ಕದಲ್ಲಿ ಕೂಡುವವರು ಬಾರದ ದಿನ ಅವರ ಮನೆಗೆ ಹೋಗಿ ಆ ಪುಟ ಯಾವುದು ಅಂತ ಹೇಳಿ ಬರೋಣ.

ಗುರುಗಳಲ್ಲಿ ಒಂದು ವಿನಂತಿ. ದಿನಾಲೂ ಶಾಲೆ ಬಿಡುವಾಗ ಆ ದಿನದ ಮುಖ್ಯ ವಿಷಯ ಒಂದನ್ನು ಹಲಗೆಯ ಮೂಲೆಯಲ್ಲಿ ಬರೆದರೆ ನಮಗೆ ಹೇಳಲು ಸುಲಭವಾಗುತ್ತದೆ.

ಮಾಡಿ ನೋಡಿ: ನಿಮ್ಮ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ 7 ಮನೆ ಗೆರೆ ಹಾಕಿರಿ. ದಿನಕ್ಕೊಂದು ಗುರಿ ಬರೆಯಿರಿ. ಆದರೆ ✓, ಆಗದಿದ್ದರೆ ✗ ಹಾಕಿರಿ. ವಾರದ ಕೊನೆಗೆ ಎಣಿಸಿರಿ.

– 7ನೇ ತರಗತಿ, ಸಂಶಿ