ಪರದೆ ನೋಡಿ ಕೆಲಸ ಮಾಡುವ ಯಂತ್ರ ಗುಮಾಸ್ತ: ವರ್ತಕರು ಅರಿಯಬೇಕಾದ ಅಂಶಗಳು

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲೂಕುಗಳ ಗೇರುಬೀಜ ಕಾರ್ಖಾನೆ, ಹಂಚಿನ ಕಾರ್ಖಾನೆ ಮತ್ತು ಸಗಟು ಅಂಗಡಿಗಳ ಲೆಕ್ಕಪತ್ರ ವಿಭಾಗಕ್ಕೆ ಪ್ರತಿ ತಿಂಗಳ 14ರಿಂದ 20ರವರೆಗಿನ ಅವಧಿ ಬಿಡುವಿಲ್ಲದ್ದು. ಜಿ.ಎಸ್.ಟಿ. ಜಾಲತಾಣದಲ್ಲಿ 14ರಂದು 2ಬಿ ಪಟ್ಟಿ ಸಿದ್ಧವಾಗುತ್ತದೆ. ಮಾಸಿಕ ನಮೂನೆ ಸಲ್ಲಿಸುವವರು 20ರೊಳಗೆ 3ಬಿ ಸಲ್ಲಿಸಬೇಕು. ನೋಂದಾಯಿತ ಮಾರಾಟಗಾರರ ಬಿಲ್ಲು 2ಬಿಯಲ್ಲಿ ಕಾಣಿಸಿಕೊಂಡರೆ ಮಾತ್ರ ಹೂಡುವಳಿ ತೆರಿಗೆಯ ಜಮೆ ದೊರೆಯುತ್ತದೆಂಬ ನಿಯಮ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಆದ್ದರಿಂದ ಬಿಲ್ಲುಗಳನ್ನು ಒಂದೊಂದಾಗಿ ತಾಳೆ ನೋಡುವುದು ಅನಿವಾರ್ಯ. ಈ ಶ್ರಮವನ್ನು ತಗ್ಗಿಸಬಲ್ಲ ಹೊಸ ಸಾಧನವೊಂದು ಈಗ ಬಂದಿದೆ. ಅದರ ಉಪಯೋಗದೊಂದಿಗೆ ಅಪಾಯವನ್ನೂ ವರ್ತಕರು ಅರಿತಿರುವುದು ಅವಶ್ಯ.

ಸಾಧನದ ಸ್ವರೂಪ

ಕೃತಕ ಬುದ್ಧಿಮತ್ತೆಯ ಸಹಾಯಕ ತಂತ್ರಾಂಶಗಳು ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಬರೆದುಕೊಡುವುದಕ್ಕೆ ಸೀಮಿತವಾಗಿದ್ದವು. 2024ರ ಅಕ್ಟೋಬರ್‌ನಲ್ಲಿ ಆಂಥ್ರೋಪಿಕ್ ಮತ್ತು 2025ರ ಜನವರಿಯಲ್ಲಿ ಓಪನ್‌ಎಐ ಸಂಸ್ಥೆಗಳು, ಪರದೆಯ ಮೇಲೆ ತಾನೇ ಕೆಲಸ ಮಾಡಬಲ್ಲ ಸಹಾಯಕವನ್ನು ಹೊರತಂದವು. ಇದು ಪರದೆಯ ಚಿತ್ರವನ್ನು ತೆಗೆದುಕೊಂಡು, ಎಲ್ಲಿ ಒತ್ತಬೇಕು, ಏನನ್ನು ಟೈಪು ಮಾಡಬೇಕು ಎಂದು ನಿರ್ಧರಿಸುತ್ತದೆ. ಹಾಗೆ ಮಾಡಿ ಮತ್ತೊಂದು ಚಿತ್ರ ತೆಗೆದು ಪರಿಶೀಲಿಸುತ್ತದೆ. ಕೇವಲ ಎರಡು ಪಟ್ಟಿಗಳನ್ನು ತಾಳೆ ನೋಡಲು ಲೆಕ್ಕಪತ್ರ ತಂತ್ರಾಂಶವೇ ಸಾಕು. ವಾಟ್ಸಾಪ್ ಮೂಲಕ ಬಂದ ಬಿಲ್ಲುಗಳನ್ನು ಓದಿ, ಪಟ್ಟಿಗೆ ಇಳಿಸಿ, 2ಬಿಯೊಂದಿಗೆ ಹೋಲಿಸುವಂತಹ ಹಲವು ಹಂತಗಳ ಕೆಲಸದಲ್ಲಿ ಇದರ ಪ್ರಯೋಜನ ಹೆಚ್ಚು.

ಪ್ರತ್ಯೇಕ ಕೋಣೆಯ ಅಗತ್ಯ

ಹೊಸದಾಗಿ ಸೇರಿದ ಗುಮಾಸ್ತನಿಗೆ ಯಾವ ಧಣಿಯೂ ಮೊದಲ ದಿನವೇ ತಿಜೋರಿಯ ಬೀಗದ ಕೈ ಕೊಡುವುದಿಲ್ಲ. ಇಲ್ಲಿಯೂ ಅದೇ ನೀತಿ ಸಲ್ಲುತ್ತದೆ. ಈ ಸಹಾಯಕ ತಪ್ಪು ಗುಂಡಿಯನ್ನು ಒತ್ತಬಹುದು. ಅಲ್ಲದೆ ಹೊರಗಿನಿಂದ ಬಂದ ಬಿಲ್ಲಿನಲ್ಲಿ ಯಾರಾದರೂ ಗುಪ್ತವಾಗಿ ಬರೆದಿಟ್ಟ ಸೂಚನೆಯನ್ನು ಧಣಿಯ ಆಜ್ಞೆಯೆಂದೇ ಭಾವಿಸಿ ಪಾಲಿಸಲೂಬಹುದು. 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಇನ್‌ವಾಯ್ಸ್ ನಿರ್ವಹಣಾ ವ್ಯವಸ್ಥೆಯಲ್ಲಿ ಸರಿಯಾದ ಬಿಲ್ಲನ್ನು ತಿರಸ್ಕರಿಸಿದರೆ ಅದರ ಜಮೆ 2ಬಿಯಿಂದ ಹೊರಗುಳಿಯುತ್ತದೆ. ಒಮ್ಮೆ ಸಲ್ಲಿಸಿದ 3ಬಿಯನ್ನಂತೂ ಪರಿಷ್ಕರಿಸಲು ಅವಕಾಶವಿಲ್ಲ.

ಆದ್ದರಿಂದ ಸಹಾಯಕಕ್ಕೆ ಗಣಕಯಂತ್ರದೊಳಗೇ ಮತ್ತೊಂದು ಗಣಕಯಂತ್ರವನ್ನು, ಅಂದರೆ ವರ್ಚುವಲ್ ಡೆಸ್ಕ್‌ಟಾಪನ್ನು ಒದಗಿಸಬೇಕು. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ 2019ರಿಂದ ಸ್ಯಾಂಡ್‌ಬಾಕ್ಸ್ ಎಂಬ ಸೌಲಭ್ಯವಿದೆ, ಹೋಮ್ ಆವೃತ್ತಿಯಲ್ಲಿಲ್ಲ. ಅದನ್ನು ಮುಚ್ಚಿದೊಡನೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಆದುದರಿಂದ ಮೂಲ ಬಿಲ್ಲುಗಳ ನಕಲನ್ನು ಓದಲು ಮಾತ್ರ ಅನುಮತಿಯುಳ್ಳ ಒಂದು ಫೋಲ್ಡರಿನಲ್ಲಿಟ್ಟು, ಫಲಿತಾಂಶವನ್ನು ಬೇರೊಂದು ಫೋಲ್ಡರಿಗೆ ಬರುವಂತೆ ಮಾಡಬೇಕು. ಎಕ್ಸೆಲ್ ಮುಂತಾದವನ್ನು ಅಲ್ಲಿ ಪ್ರತಿ ಬಾರಿಯೂ ಅಳವಡಿಸಬೇಕಾಗುವುದರಿಂದ, ನಿತ್ಯದ ಬಳಕೆಗೆ ತಂತ್ರಜ್ಞರಿಂದ ಸ್ಥಾಯಿಯಾದ ವರ್ಚುವಲ್ ಯಂತ್ರವನ್ನು ಸಿದ್ಧಪಡಿಸಿಕೊಳ್ಳುವುದು ಲೇಸು.

ಒಂದು ಉದಾಹರಣೆ

ಗೇರುಬೀಜ ಕಾರ್ಖಾನೆಯೊಂದು ಕೃಷಿಕರಿಂದ ಸಿಪ್ಪೆಸಹಿತ ಗೇರುಬೀಜ ಖರೀದಿಸಿದೆ ಎಂದಿಟ್ಟುಕೊಳ್ಳೋಣ. ಸಹಾಯಕವು ಖರೀದಿ ಪಟ್ಟಿಯನ್ನು 2ಬಿಯೊಂದಿಗೆ ಹೋಲಿಸಿ, ಆ ಖರೀದಿಗಳೆಲ್ಲ '2ಬಿಯಲ್ಲಿ ಇಲ್ಲ' ಎಂದು ವರದಿ ಮಾಡುತ್ತದೆ. ವರದಿ ನಿಜವೇ, ಆದರೆ ಅದು ದೋಷವಲ್ಲ. ಈ ಖರೀದಿಗೆ ರಿವರ್ಸ್ ಚಾರ್ಜ್ ಪದ್ಧತಿ ಅನ್ವಯಿಸುತ್ತದೆ. ನೋಂದಾಯಿತ ಖರೀದಿದಾರನೇ 30 ದಿನಗಳೊಳಗೆ ಸ್ವಯಂ ಇನ್‌ವಾಯ್ಸ್ ಬರೆದು, ತೆರಿಗೆಯನ್ನು ನಗದು ಖಾತೆಯಿಂದ ಪಾವತಿಸಿ, ಬಳಿಕ ಅರ್ಹ ಜಮೆ ಪಡೆಯಬೇಕು. ಈ ವ್ಯತ್ಯಾಸ ತಿಳಿಯದೆ ಆ ಸಾಲುಗಳನ್ನು ಕೈಬಿಟ್ಟರೆ ತೆರಿಗೆ ಬಾಕಿ ಉಳಿದು ಬಡ್ಡಿ ತೆರಬೇಕಾಗುತ್ತದೆ. ಪಟ್ಟಿ ಮಾಡುವುದು ಯಂತ್ರದ ಕೆಲಸ; ವಿವೇಚನೆ ಮನುಷ್ಯನದು.

ಪಾಲಿಸಬೇಕಾದ ನಿಯಮಗಳು

1. ಮೂಲ ಲೆಕ್ಕಪುಸ್ತಕಗಳನ್ನು ಒಪ್ಪಿಸದೆ ನಕಲುಗಳನ್ನು ಮಾತ್ರ ಕೊಡಬೇಕು.

2. ಜಿ.ಎಸ್.ಟಿ. ಹಾಗೂ ಬ್ಯಾಂಕಿನ ಪಾಸ್‌ವರ್ಡ್, ಓ.ಟಿ.ಪಿ., ಡಿಜಿಟಲ್ ಸಹಿಯ ಟೋಕನ್ ಇವು ಆ ಕೋಣೆಯೊಳಗೆ ಹೋಗಕೂಡದು. 2ಬಿಯನ್ನು ಗುಮಾಸ್ತರೇ ಇಳಿಸಿಕೊಂಡು ನಕಲನ್ನು ಒದಗಿಸಬೇಕು.

3. ಪರದೆಯ ಚಿತ್ರಗಳು ಸಾಮಾನ್ಯವಾಗಿ ಅಂತರಜಾಲದ ಮೂಲಕ ಸೇವಾಸಂಸ್ಥೆಯ ಗಣಕಗಳಿಗೆ ತಲುಪುತ್ತವೆ. ಆದ್ದರಿಂದ ಆಧಾರ್, ಮೊಬೈಲ್ ಹಾಗೂ ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ನಕಲಿನಿಂದ ಮೊದಲೇ ತೆಗೆದುಹಾಕಬೇಕು.

4. ಮೊದಲ ಕೆಲವು ತಿಂಗಳು ಹಳೆಯ ಕ್ರಮದಲ್ಲಿಯೂ ತಾಳೆ ನೋಡಿ, ಎರಡೂ ಫಲಿತಾಂಶಗಳನ್ನು ಹೋಲಿಸಬೇಕು.

5. ಸ್ವೀಕಾರ, ತಿರಸ್ಕಾರ, ಪಾವತಿ ಮತ್ತು ಸಲ್ಲಿಕೆ ಈ ನಾಲ್ಕನ್ನೂ ಹೊಣೆಯುಳ್ಳ ವ್ಯಕ್ತಿಯೇ ಮಾಡಬೇಕು.

ಸಲ್ಲಿಸಿದ ನಮೂನೆಯಲ್ಲಿ ತಪ್ಪಿದ್ದರೆ ನೋಟೀಸು ವರ್ತಕನ ಹೆಸರಿಗೇ ಬರುತ್ತದೆ. ತಂತ್ರಾಂಶ ತಪ್ಪು ಮಾಡಿತೆಂಬ ಮಾತ್ರಕ್ಕೆ ತೆರಿಗೆಯಾಗಲಿ ಬಡ್ಡಿಯಾಗಲಿ ತಪ್ಪುವುದಿಲ್ಲ. ಹೀಗಿರುವಾಗ ಯಂತ್ರದಿಂದ ದುಡಿಮೆಯನ್ನು ಪಡೆದು, ಬೀಗದ ಕೈಯನ್ನು ತಮ್ಮ ಬಳಿಯೇ ಇರಿಸಿಕೊಳ್ಳುವುದು ವ್ಯವಹಾರಸ್ಥರಿಗೆ ಶ್ರೇಯಸ್ಕರ.